ಮದುವೆಯಾಗದ ಕ್ರೈಸ್ತ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೀಗ 49 ವರ್ಷ. ಮದುವೆಯಾಗಿಲ್ಲ. ಊರು ಉಡುಪಿ ಕಡೆ, ಕೆಲಸ ಬೆಂಗಳೂರಿನಲ್ಲಿ. ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ, ಸ್ತ್ರೀಯರ ಕೂಟಗಳಲ್ಲಿ, ಕಾಗದದಲ್ಲಿ, ಫೋನಿನಲ್ಲಿ ಜನ ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನೇ ಇಟ್ಟಿದ್ದೇನೆ. ಹೆಚ್ಚಿನವರು ಹೆಂಗಸರು, ಆದರೆ ಗಂಡಸರೂ ಇದ್ದಾರೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮನ್ನು "ಒಂಟಿ" ಎಂದು ಕರೆಯುವುದು ನನಗೆ ಒಪ್ಪಿಗೆ ಇಲ್ಲ. ಒಂಟಿ ಅಂದರೆ ಯಾರೂ ಇಲ್ಲದವರು. ಮದುವೆಯಾಗಿಯೂ ಒಂಟಿಯಾಗಿರುವವರನ್ನು ನಾನು ನೋಡಿದ್ದೇನೆ. ಮದುವೆಯಾಗದೆ ಮನೆ ತುಂಬ ಜನ ಇಟ್ಟುಕೊಂಡವರನ್ನೂ ನೋಡಿದ್ದೇನೆ.

## ಶುರುವಿನ ಪ್ರಶ್ನೆಗಳು

ಮದುವೆ ಆಗದೆ ಇರೋದು ಪಾಪನಾ?

ಅಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದಿ. ಮದುವೆಯಾಗದವರ ವಿಷಯದಲ್ಲಿ ಕರ್ತನ ಅಪ್ಪಣೆ ತನಗಿಲ್ಲ, ತನ್ನ ಅಭಿಪ್ರಾಯ ಹೇಳುತ್ತಿದ್ದೇನೆ ಎಂದು ಅವನೇ ಬಿಡಿಸಿ ಹೇಳುತ್ತಾನೆ. ಮದುವೆಯಾದರೆ ಪಾಪವಿಲ್ಲ, ತನ್ನ ಹಾಗೆ ಉಳಿದರೂ ಒಳ್ಳೆಯದೇ ಎನ್ನುತ್ತಾನೆ. ಯೆರೆಮೀಯನಿಗಂತೂ ಹೆಂಡತಿಯನ್ನು ಮಾಡಿಕೊಳ್ಳಬೇಡ ಎಂದು ದೇವರೇ ಹೇಳಿದರು. ಎಲ್ಲಕ್ಕಿಂತ ಮೊದಲು, ಯೇಸುಸ್ವಾಮಿ ಮದುವೆಯಾಗಲಿಲ್ಲ. ಅವರನ್ನು ಪೂರ್ಣ ಮನುಷ್ಯ ಎಂದು ನಂಬುವ ನಾವು, ಮದುವೆ ಇಲ್ಲದ ಬದುಕು ಅರ್ಧ ಬದುಕು ಎಂದು ಹೇಗೆ ಹೇಳೋಣ?

ಮನುಷ್ಯ ಒಬ್ಬನೇ ಇರೋದು ಒಳ್ಳೇದಲ್ಲ ಅಂತ ದೇವರೇ ಹೇಳಿದ್ದಾರಲ್ಲ?

ಹೇಳಿದ್ದಾರೆ, ಆದಿಕಾಂಡ 2ರಲ್ಲಿ. ಈ ವಚನವನ್ನು ನನಗೆ ತೋರಿಸಿದವರಿಗೆ ಲೆಕ್ಕವಿಲ್ಲ. ಆದರೆ ಆ ಮಾತು ಹೇಳಿದಾಗ ಭೂಮಿಯ ಮೇಲೆ ಇನ್ನೊಬ್ಬ ಮನುಷ್ಯನೇ ಇರಲಿಲ್ಲ. ಅಕ್ಕ ಇಲ್ಲ, ತಮ್ಮ ಇಲ್ಲ, ಗೆಳೆಯ ಇಲ್ಲ, ಪಕ್ಕದ ಮನೆಯವರಿಲ್ಲ. ಆ ಕೊರತೆಗೆ ಬಂದ ಮೊದಲ ಉತ್ತರ ಹವ್ವ. ಅವಳಿಂದ ಮುಂದೆ ಮನೆ, ನೆಂಟರು, ಊರು ಎಲ್ಲ ಬಂದವು. ಮಾರ್ಕ 3ರಲ್ಲಿ ಯೇಸು ತನ್ನ ಸುತ್ತ ಕೂತವರನ್ನು ನೋಡಿ, ದೇವರ ಚಿತ್ತದಂತೆ ನಡೆಯುವವರೇ ನನ್ನ ತಾಯಿ, ನನ್ನ ಅಣ್ಣತಮ್ಮಂದಿರು ಎನ್ನುತ್ತಾರೆ.

ಹಾಗೆಂದು ಆ ವಚನವನ್ನು ನಾನು ದೂರ ಇಟ್ಟಿಲ್ಲ. ಅದು ನನಗೂ ಹೇಳಿದ ಮಾತೇ. ಬಾಗಿಲು ಹಾಕಿಕೊಂಡು, ಯಾರ ಹಂಗೂ ಬೇಡ ಎಂದು ಬದುಕಬೇಡ ಎನ್ನುತ್ತದೆ ಅದು.

ಮದುವೆಯಿಲ್ಲದೆ ಇರೋದು ಒಂದು ವರ ಅಂತಾರೆ. ನನಗೆ ಆ ವರ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ?

ಇಪ್ಪತ್ತೈದರಿಂದ ಮೂವತ್ತೈದರವರೆಗೆ ಈ ಪ್ರಶ್ನೆ ನನ್ನನ್ನೂ ತಿಂದಿದೆ. ಆಸೆಯೇ ಇಲ್ಲದಿದ್ದರೆ ವರ ಇದೆ, ಆಸೆ ಇದ್ದರೆ ಇಲ್ಲ ಎಂದು ಯಾರೋ ಹೇಳಿದ್ದರು. ಆ ಮಾತು ತಪ್ಪು ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ವರ ಇರುವವರಿಗೂ ಆಸೆ ಇರುತ್ತದೆ, ಅಳುವೂ ಬರುತ್ತದೆ.

ಒಬ್ಬನಿಗೆ ಒಂದು ವರ, ಇನ್ನೊಬ್ಬನಿಗೆ ಇನ್ನೊಂದು ಎಂದು ಪೌಲ ಬರೆಯುವಾಗ ಮದುವೆಯನ್ನೂ ವರ ಎಂದೇ ಎಣಿಸುತ್ತಾನೆ. ಇವತ್ತು ನಿಮಗೆ ಮದುವೆಯಾಗಿಲ್ಲ ಅಂದರೆ ಇವತ್ತಿಗೆ ಬೇಕಾದ ಕೃಪೆ ಇವತ್ತು ಸಿಗುತ್ತದೆ. ಮುಂದಿನ ವರ್ಷ ಮದುವೆಯಾದರೆ ಅದಕ್ಕೆ ಬೇಕಾದದ್ದು ಆಗ ಸಿಗುತ್ತದೆ. ಜೀವಮಾನಕ್ಕೆಲ್ಲ ಈಗಲೇ ತೀರ್ಮಾನ ಮಾಡಿ ಎಂದು ನಿಮ್ಮನ್ನು ಯಾರೂ ಕೇಳುತ್ತಿಲ್ಲ. ನಾನು ಯಾವತ್ತೂ ವ್ರತ ತೊಟ್ಟವಳಲ್ಲ. ಒಂದೊಂದೇ ವರ್ಷ ಹೌದು ಎನ್ನುತ್ತಾ ಬಂದೆ.

ಕ್ಯಾಥೊಲಿಕರಿಗೆ ಫಾದರ್, ಸಿಸ್ಟರ್ ಅಂತ ಇದ್ದಾರೆ. ನಮ್ಮ ಪ್ರೊಟೆಸ್ಟಂಟ್ ಸಭೆಯಲ್ಲಿ ನೋಡಿ ಕಲಿಯೋಕೆ ಯಾರಿದ್ದಾರೆ?

ಮಂಗಳೂರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಅಲ್ಲಿಗೆ ಬಂದರು. 1921ರಲ್ಲಿ ಬೆಥನಿ ಸಿಸ್ಟರ್‌ಗಳ ಸಂಸ್ಥೆ ಅಲ್ಲೇ ಹುಟ್ಟಿತು. ಮದುವೆ ಬೇಡವೆಂದ ಕ್ಯಾಥೊಲಿಕ್ ಹುಡುಗಿಗೆ ಒಂದು ಮನೆ, ಒಂದು ಹೆಸರು, ಊಟಕ್ಕೆ ಜೊತೆಗಾರರು ಸಿಕ್ಕರು. ನಮ್ಮ ಕಡೆ ದಾರಿ ಬೇರೆಯಾಯಿತು. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರ್ 1525ರಲ್ಲಿ, ಮಠ ಬಿಟ್ಟು ಬಂದಿದ್ದ ಸನ್ಯಾಸಿನಿ ಕ್ಯಾಥರೀನಾಳನ್ನು ಮದುವೆಯಾದ. ಅಲ್ಲಿಂದ ಪಾದ್ರಿಯ ಸಂಸಾರವೇ ಮಾದರಿಯಾಯಿತು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ನಮ್ಮ ಕಡೆಗೆ ತಂದದ್ದೂ ಅದನ್ನೇ. ಅಯ್ಯನವರು, ಅಮ್ಮನವರು, ಮಕ್ಕಳು, ಹಿತ್ತಲು. ಅದು ಚೆಂದದ ಚಿತ್ರವೇ. ಆದರೆ ಅದರಲ್ಲಿ ನಮ್ಮಂಥವರು ನಿಲ್ಲುವ ಜಾಗ ಯಾರೂ ಬರೆದಿರಲಿಲ್ಲ.

ಆದರೂ ಹುಡುಕಿದರೆ ಇದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರು ಬಾಸೆಲ್ ಮಿಷನರಿಗಳಲ್ಲಿ ಸ್ಯಾಮುಯೆಲ್ ಹೆಬಿಕ್ ಕೊನೆವರೆಗೂ ಮದುವೆಯಾಗಲಿಲ್ಲ. 1895ರಲ್ಲಿ ಭಾರತಕ್ಕೆ ಬಂದ ಮಿಷನರಿ ಏಮಿ ಕಾರ್ಮೈಕಲ್ ಮೊದಲು ಇಳಿದುಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಆಮೇಲೆ ತಮಿಳುನಾಡಿನ ದೋಹ್ನಾವೂರಿನಲ್ಲಿ ನೂರಾರು ಮಕ್ಕಳಿಗೆ ಅವರು ಅಮ್ಮ ಆದರು. ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಶುರು ಮಾಡಿದ ಚಿಕಿತ್ಸೆ ಇವತ್ತು ಸಿ.ಎಂ.ಸಿ. ಆಸ್ಪತ್ರೆ. ನಮ್ಮಲ್ಲಿ ಎಷ್ಟೋ ಮನೆಯವರು ಅಲ್ಲಿಗೆ ಹೋಗಿ ಬಂದಿದ್ದೇವೆ, ಅಲ್ವಾ?

ನನಗೆ ತುಂಬ ಹತ್ತಿರವಾದವರು ಅದೇ ವೆಲ್ಲೂರಿನ ಡಾ. ಮೇರಿ ವರ್ಗೀಸ್. ಕೇರಳದವರು. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ತಮ್ಮ ಹಾಗೆ ಸ್ವಾಧೀನ ಕಳೆದುಕೊಂಡವರಿಗಾಗಿ ಪುನರ್ವಸತಿ ವಿಭಾಗ ಕಟ್ಟಿದರು. ಮದುವೆಯಾಗದ ಬದುಕು ಎಂದಾಗ ನನಗೆ ಮೊದಲು ಕಣ್ಣಿಗೆ ಬರುವುದು ಆ ಕುರ್ಚಿ.

## ಮನೆ ಮತ್ತು ಸಭೆ

"ಯಾವಾಗ ಊಟ ಹಾಕಿಸ್ತೀಯಾ?" ಅಂತ ಕೇಳಿದವರಿಗೆ ಏನು ಹೇಳೋದು?

ಮದುವೆ ಮನೆಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಹೆಚ್ಚಿನವರು ಮಾತಿಗೆ ಮಾತು ಎಂದು ಕೇಳುತ್ತಾರೆ, ನೋಯಿಸಲು ಅಲ್ಲ. ನಾನು ಒಂದು ಉಪಾಯ ಕಂಡುಕೊಂಡೆ. "ಮುಂದಿನ ಭಾನುವಾರ ಬನ್ನಿ ಮಾಮಿ, ಮಧ್ಯಾಹ್ನ ಒಂದು ಗಂಟೆಗೆ, ಕೋಳಿ ಸುಕ್ಕ ಮಾಡಿರ್ತೀನಿ" ಎನ್ನುತ್ತೇನೆ. ಮನಸ್ಸಿನಿಂದಲೇ ಕರೆಯುತ್ತೇನೆ. ಬಂದವರೂ ಇದ್ದಾರೆ. ಊಟಕ್ಕೆ ಬಂದು ಮನೆ ನೋಡಿದವರು ಮತ್ತೆ ಆ ಪ್ರಶ್ನೆ ಕೇಳಿಲ್ಲ.

ಚುಚ್ಚಲೆಂದೇ ಕೇಳುವವರಿಗೆ ಉತ್ತರ ಕೊಡಬೇಕೆಂದಿಲ್ಲ. ಸುಮ್ನೆ ಎದ್ದು ನೀರು ತರಲು ಹೋಗಿ.

ಅಪ್ಪ ಅಮ್ಮ ಅಳ್ತಾರೆ. ತಂದೆತಾಯಿಯನ್ನು ಸನ್ಮಾನಿಸು ಅನ್ನೋ ಆಜ್ಞೆ ಮೀರಿದ ಹಾಗಾಯ್ತಾ?

ಸನ್ಮಾನಿಸುವುದು ಬೇರೆ, ಅವರು ಹೇಳಿದವರಿಗೆ ಕೊರಳು ಕೊಡುವುದು ಬೇರೆ. ಆದರೆ ಅವರ ಅಳುವನ್ನು ತಳ್ಳಿಹಾಕಬೇಡಿ. "ನಾವು ಹೋದ ಮೇಲೆ ನಿನಗ್ಯಾರು?" ಎಂಬ ಭಯ ಅದು. ಭಯಕ್ಕೆ ವಾದ ಮಾಡಿದರೆ ಹೋಗುವುದಿಲ್ಲ, ಕಣ್ಣಿಗೆ ಕಾಣಬೇಕು.

ನನ್ನ ಅಮ್ಮ ಹನ್ನೆರಡು ವರ್ಷ ಅತ್ತಳು. ಒಮ್ಮೆ ಬೆಂಗಳೂರಿಗೆ ಬಂದು ಒಂದು ತಿಂಗಳು ನನ್ನ ಜೊತೆ ಇದ್ದಳು. ಬುಧವಾರದ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲಿ. ಆ ದಿನ ಹನ್ನೊಂದು ಜನ ಬಂದಿದ್ದರು. ಎದುರು ಮನೆಯ ಹುಡುಗ ಬಾಗಿಲು ತಟ್ಟದೆ ಒಳಗೆ ಬಂದು ಡಬ್ಬ ತೆಗೆದು ಚಕ್ಕುಲಿ ತಿಂದ. ರಾತ್ರಿ ಅಮ್ಮ ಪಾತ್ರೆ ಒರೆಸುತ್ತಾ, "ನಿನಗೆ ನನಗಿಂತ ಜಾಸ್ತಿ ಜನ ಇದ್ದಾರೆ ಮಾರಾಯ್ತಿ" ಎಂದಳು. ಅಳು ಅವತ್ತೇ ನಿಂತಿತು ಎಂದು ಹೇಳಲಾರೆ. ಕಡಿಮೆಯಾಯಿತು.

ಯೌವನಸ್ಥರ ಕೂಟಕ್ಕೆ ವಯಸ್ಸಾಯ್ತು, ದಂಪತಿಗಳ ಕೂಟಕ್ಕೆ ಗಂಡನಿಲ್ಲ. ಸಭೆಯಲ್ಲಿ ನನ್ನ ಜಾಗ ಎಲ್ಲಿ?

ಈ ಪ್ರಶ್ನೆಯನ್ನು ಸಭೆಯ ಹಿರಿಯರೂ ಓದಲಿ ಎಂದು ಇಲ್ಲಿ ಹಾಕಿದ್ದೇನೆ. ನಮ್ಮ ಸಭೆಗಳಲ್ಲಿ ಎಲ್ಲ ಲೆಕ್ಕವೂ ಕುಟುಂಬದ ಲೆಕ್ಕ. ಎಷ್ಟು ಕುಟುಂಬ, ಯಾವ ಕುಟುಂಬದ ಕಾಣಿಕೆ ಎಷ್ಟು, ಕ್ರಿಸ್ಮಸ್ ಕಾರ್ಡ್ ಯಾರ ಹೆಸರಿಗೆ. ಒಬ್ಬರೇ ಇರುವವರ ಮನೆಯೂ ಒಂದು ಮನೆ. ಅಯ್ಯನವರು ಮನೆ ಭೇಟಿಗೆ ಹೊರಟಾಗ ನಮ್ಮ ಮನೆಗೂ ಬರಬೇಕು. ಹೆಂಗಸು ಒಬ್ಬಳೇ ಇದ್ದರೆ ಹೇಗೆ ಹೋಗುವುದು ಎಂದಾದರೆ ಅಮ್ಮನವರನ್ನು ಕರೆದುಕೊಂಡು ಬರಲಿ.

ಮದುವೆಯಾಗದವರಿಗೆಂದೇ ಬೇರೆ ಕೂಟ ಬೇಕು ಎನ್ನುವವರಿದ್ದಾರೆ. ನಾನು ಆ ಪಕ್ಷದವಳಲ್ಲ. ಅಂಥ ಕೂಟ ಬೇಗ ವರಾನ್ವೇಷಣೆ ಕೂಟವಾಗುತ್ತದೆ. ನಮಗೆ ಬೇಕಾದದ್ದು ಅಜ್ಜಿ, ಮಗು, ದಂಪತಿ, ನಾನು ಎಲ್ಲ ಸೇರಿ ಕೂರುವ ಜಾಗ. ನಿಮ್ಮ ಕಡೆಯಿಂದ ಒಂದು ಕೆಲಸ ಮಾಡಬಹುದು. ಆರಾಧನೆ ಮುಗಿದ ಕೂಡಲೇ ಗೇಟಿನ ಕಡೆ ಓಡಬೇಡಿ. ಹತ್ತು ನಿಮಿಷ ನಿಲ್ಲಿ.

ಮದುವೆಯಾಗಿಲ್ಲ ಅಂದ್ರೆ ಸಭೆಯ ಕೆಲಸಕ್ಕೆಲ್ಲ ಬಿಡುವಿರುತ್ತೆ ಅಂದ್ಕೊಂಡಿದ್ದಾರೆ. ಇಲ್ಲ ಅನ್ನಬಹುದಾ?

ಅನ್ನಬಹುದು. ಕರ್ತನ ಕೆಲಸಕ್ಕೆ ನಮಗೆ ಹೆಚ್ಚು ಬಿಡುವು ಎಂದು ಪೌಲ ಹೇಳಿದ್ದು ನಿಜ. ಆದರೆ ನಮ್ಮ ಮನೆಯ ಗ್ಯಾಸ್, ಕರೆಂಟ್ ಬಿಲ್, ಅಮ್ಮನ ಔಷಧ ಎಲ್ಲ ನೋಡುವವರು ನಾವೊಬ್ಬರೇ. ಕೆಲಸ ಹಂಚಿಕೊಳ್ಳಲು ಇನ್ನೊಂದು ಜೊತೆ ಕೈ ಇಲ್ಲ. ಒಂದು ಸೇವೆ ಆರಿಸಿಕೊಳ್ಳಿ, ಅದನ್ನು ಪ್ರೀತಿಯಿಂದ ಮಾಡಿ.

## ದಿನದ ಬದುಕು

ಭಾನುವಾರ ಮಧ್ಯಾಹ್ನ ತಡೆಯೋಕಾಗಲ್ಲ. ಎಲ್ಲರೂ ಅವರವರ ಮನೆಗೆ ಹೋಗ್ತಾರೆ. ನಾನು ಏನು ಮಾಡಲಿ?

ಇದು ಗೊತ್ತಿದ್ದವರಿಗೇ ಗೊತ್ತು. ಬೆಳಿಗ್ಗೆ ಇನ್ನೂರು ಜನರ ಜೊತೆ ಹಾಡಿ, ಕರ್ತನ ಭೋಜನ ತೆಗೆದುಕೊಂಡು, ಹನ್ನೆರಡೂವರೆಗೆ ಬೀಗ ತೆಗೆದರೆ ಮನೆಯಲ್ಲಿ ಫ್ರಿಜ್ ಸದ್ದು ಮಾತ್ರ. ಅಪಾರ್ಟ್‌ಮೆಂಟಿನ ಬೇರೆ ಮನೆಗಳಿಂದ ಒಗ್ಗರಣೆ ವಾಸನೆ, ಕುಕ್ಕರ್ ಕೂಗು. ನಾನು ಎಷ್ಟೋ ವರ್ಷ ಭಾನುವಾರ ಸೀರೆಯನ್ನೂ ಬದಲಾಯಿಸದೆ ಬ್ರೆಡ್ ತಿಂದು ಮಲಗಿದ್ದೇನೆ.

ಬದಲಾದದ್ದು ಒಂದು ಪಾವಿನಿಂದ. ಅಮ್ಮ ಕೊಟ್ಟ ಹಿತ್ತಾಳೆ ಪಾವು. ದಿನಾ ಅದರಲ್ಲಿ ಅರ್ಧ ಅಳೆಯುತ್ತಿದ್ದೆ. ಒಂದು ಶನಿವಾರ ತೀರ್ಮಾನ ಮಾಡಿದೆ, ಭಾನುವಾರ ಮಾತ್ರ ಎರಡು ಪಾವು ಅಕ್ಕಿ ಹಾಕಬೇಕು. ಅನ್ನ ಜಾಸ್ತಿ ಆದರೆ ಉಣ್ಣುವವರನ್ನು ಹುಡುಕಲೇಬೇಕಲ್ಲ. ಮೊದಲ ವಾರ ಪಿ.ಜಿ.ಯಲ್ಲಿದ್ದ ಇಬ್ಬರು ನರ್ಸ್ ಹುಡುಗಿಯರು ಬಂದರು. ಆಮೇಲೆ ಹೆಂಡತಿಯನ್ನು ಕಳೆದುಕೊಂಡ ಒಬ್ಬ ನಿವೃತ್ತ ಮೇಷ್ಟ್ರು. ಆಮೇಲೆ ಮೂರು ಮಕ್ಕಳ ಒಂದು ಸಂಸಾರ, ಅವರಿಗೂ ಈ ಊರಿನಲ್ಲಿ ಯಾರೂ ಇರಲಿಲ್ಲ. ಸಾರು, ಪಲ್ಯ, ಒಣಮೀನು ಚಟ್ನಿ, ಅಷ್ಟೇ. ಯಾರೂ ಬಾರದ ಭಾನುವಾರಗಳು ಈಗಲೂ ಇವೆ. ಆಗ ಅನ್ನವನ್ನು ಡಬ್ಬಕ್ಕೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋಗುತ್ತೇನೆ.

ಲಾಜರ, ಮಾರ್ಥ, ಮರಿಯ ಇದ್ದ ಬೇಥಾನ್ಯದ ಮನೆ ನೆನಪಿಗೆ ಬರುತ್ತದೆ. ಅಲ್ಲಿ ಯಾರ ಗಂಡನ ಮಾತೂ ಇಲ್ಲ, ಯಾರ ಹೆಂಡತಿಯ ಮಾತೂ ಇಲ್ಲ. ಅಕ್ಕತಂಗಿ, ತಮ್ಮ, ಒಂದು ಅಡುಗೆಮನೆ. ಯೇಸು ಮತ್ತೆ ಮತ್ತೆ ಹೋದದ್ದು ಆ ಮನೆಗೆ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸಾಯಬೇಕು ಅನ್ನಿಸುತ್ತದೆ ಎಂದಾದರೆ ಅದು ಬೇರೆ ವಿಷಯ. ಪ್ರಾರ್ಥನೆಯ ಜೊತೆ ವೈದ್ಯರನ್ನೂ ನೋಡಿ. ನಂಬಿಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ದೇಹದ ಆಸೆ ಬಗ್ಗೆ ಯಾರೂ ಮಾತಾಡಲ್ಲ. ನಾನು ಏನು ಮಾಡಬೇಕು?

ಆಸೆ ಇರುವುದು ತಪ್ಪಲ್ಲ. ದೇವರು ಕೊಟ್ಟ ದೇಹ ಇದು. ಮದುವೆಯ ಹೊರಗೆ ದೇಹದ ಸಂಬಂಧ ಬೇಡ ಎಂಬ ಬೋಧನೆಯನ್ನು ನಾನು ಪೂರ್ತಿಯಾಗಿ ಒಪ್ಪಿದ್ದೇನೆ. ಅದು ಸುಲಭ ಎಂದು ಮಾತ್ರ ಹೇಳುವುದಿಲ್ಲ. ನನಗೆ ಸಹಾಯವಾದದ್ದು ಒಬ್ಬ ಗೆಳತಿ. ಆಕೆಗೆ ಮದುವೆಯಾಗಿದೆ. ಆಕೆಯ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ. ಬಾಯಿಬಿಟ್ಟು ಹೇಳಿದ ಆಸೆಗೆ ಅರ್ಧ ಬಲ ಹೋಗುತ್ತದೆ. ರಾತ್ರಿ ಹತ್ತಕ್ಕೆ ಫೋನ್ ಬೇರೆ ಕೋಣೆಯಲ್ಲಿಡಿ.

ಎಷ್ಟೋ ಸಲ ನಮಗೆ ಬೇಕಾಗಿರುವುದು ಬರೀ ಒಂದು ಸ್ಪರ್ಶ. ಮಗುವನ್ನು ಎತ್ತಿಕೊಳ್ಳಿ. ಕಾಯಿಲೆ ಬಿದ್ದ ಅಜ್ಜಿಯ ಕೈ ಹಿಡಿದು ಕೂರಿ, ತಲೆ ಬಾಚಿ ಕೊಡಿ. ಎಡವಿದರೆ ನಾಚಿಕೆಯಿಂದ ಕರ್ತನ ಭೋಜನ ಬಿಟ್ಟು ದೂರ ಹೋಗಬೇಡಿ. ಅರಿಕೆ ಮಾಡಿ, ಮರಳಿ ಬನ್ನಿ.

ಮೂವತ್ತೆಂಟಾಯ್ತು. ಯಾರಾದ್ರೂ ಸರಿ ಅಂತ ಒಪ್ಕೊಂಡುಬಿಡಲಾ?

ಯಾರಾದರೂ ಸರಿ ಎಂದಾದರೆ ಬೇಡ. ನಂಬಿಕೆ, ಗುಣ ಎರಡೂ ಹೊಂದುವವರು ಬಂದರೆ ಮೂವತ್ತೆಂಟಕ್ಕೂ ಆಗಿ, ಐವತ್ತೆಂಟಕ್ಕೂ ಆಗಿ. ಮದುವೆ ಆಸೆ ಇಟ್ಟುಕೊಂಡೇ ಇವತ್ತಿನ ಬದುಕನ್ನು ಚೆನ್ನಾಗಿ ಬದುಕಬಹುದು. ಮದುವೆಗೆಂದು ಅಟ್ಟದ ಮೇಲೆ ಎತ್ತಿಟ್ಟ ಒಳ್ಳೆ ಪಾತ್ರೆಗಳನ್ನು ಕೆಳಗಿಳಿಸಿ ಬಳಸಿ.

ನನ್ನ ಗಂಡ ತೀರಿಹೋಗಿ ಎಂಟು ವರ್ಷ. ನೀವು ಹೇಳೋದು ನನಗೂ ಸೇರುತ್ತಾ?

ಸೇರುತ್ತದೆ. ಪೌಲ ನಿಮ್ಮನ್ನೂ ನಮ್ಮನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾನೆ. ಆದರೆ ನಿಮ್ಮ ದುಃಖ ಬೇರೆ, ಅದು ನನಗೆ ಗೊತ್ತು ಎಂದು ನಟಿಸಲಾರೆ. ಪಂಡಿತಾ ರಮಾಬಾಯಿಯ ಬದುಕು ಓದಿ. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ತಂದೆ ಕಾರ್ಕಳ ಕಡೆಯವರು. 1880ರಲ್ಲಿ ಮದುವೆ, 1882ರಲ್ಲಿ ಗಂಡನ ಸಾವು, ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಆಮೇಲೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. 1922ರಲ್ಲಿ ತೀರಿಕೊಳ್ಳುವವರೆಗೆ ಇನ್ನೊಂದು ಮದುವೆಯಾಗಲಿಲ್ಲ.

## ಮುಂದಿನ ದಿನಗಳ ಪ್ರಶ್ನೆಗಳು

ಆಸ್ಪತ್ರೆ ಸೇರಿದ್ರೆ ಸಹಿ ಹಾಕೋರು ಯಾರು?

ನಾಲ್ಕು ವರ್ಷದ ಹಿಂದೆ ನನ್ನ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಆಯಿತು. ಒಂದು ಆಸ್ಪತ್ರೆಯ ಕೌಂಟರಿನಲ್ಲಿ "ಗಂಡನ ಹೆಸರು?" ಎಂದರು. ಇಲ್ಲ ಎಂದೆ. "ಜೊತೆಗೆ ಯಾರಿದ್ದಾರೆ?" ನನ್ನ ಗೆಳತಿಯನ್ನು ತೋರಿಸಿದೆ. "ಏನಾಗಬೇಕು?" "ನಮ್ಮ ಸಭೆಯವರು." ಕೌಂಟರಿನಾಕೆ ಪೆನ್ನು ಕೆಳಗಿಟ್ಟರು. ರಕ್ತಸಂಬಂಧಿ ಬೇಕು ಎಂದರು. ಹೊಟ್ಟೆನೋವಿನಲ್ಲಿ ಎರಡು ಗಂಟೆ ಕೂತೆ, ಉಡುಪಿಯಿಂದ ಅಣ್ಣ ಫೋನಿನಲ್ಲಿ ಮಾತಾಡಿದ ಮೇಲೆ ಒಳಗೆ ಬಿಟ್ಟರು.

ಎಚ್ಚರವಿರುವ, ವಯಸ್ಸಿಗೆ ಬಂದ ಮನುಷ್ಯ ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಅದನ್ನು ಧೈರ್ಯವಾಗಿ ಹೇಳಿ. ಎಚ್ಚರ ತಪ್ಪಿದರೆ ಏನು ಎಂಬುದಕ್ಕೆ ಈಗಲೇ ತಯಾರಿ ಬೇಕು. ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ರಕ್ತದ ಗುಂಪು, ಔಷಧಗಳು, ಇನ್ಶೂರೆನ್ಸ್ ನಂಬರ್, ಗೆಳತಿಯ ಮತ್ತು ಅಣ್ಣನ ಫೋನ್. ಮನೆಯ ಇನ್ನೊಂದು ಕೀ ಎದುರು ಮನೆಯಲ್ಲಿ. ಅಣ್ಣನಿಗೆ ಗೆಳತಿಯ ಪರಿಚಯ ಮಾಡಿಸಿದ್ದೇನೆ, ಇದು ತುಂಬ ಮುಖ್ಯ.

ಇನ್ನೊಂದಿದೆ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರಗಳಿಂದ ಜೀವ ಹಿಡಿದಿಡುವುದು ಬೇಡ ಎಂದು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿತು. 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯುತ್ತೀರಿ.

ನನಗೆ ಮಕ್ಕಳಿಲ್ಲ. ನನ್ನ ಮನೆ, ದುಡ್ಡು ಯಾರಿಗೆ ಹೋಗುತ್ತೆ?

ಉಯಿಲು ಬರೆಯದೆ ಹೋದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ತೀರ್ಮಾನಿಸುತ್ತದೆ. ಮದುವೆಯಾಗದ, ಮಕ್ಕಳಿಲ್ಲದ ಕ್ರೈಸ್ತರು ತೀರಿಕೊಂಡಾಗ ತಂದೆ ಬದುಕಿದ್ದರೆ ಎಲ್ಲವೂ ತಂದೆಗೆ. ತಾಯಿಗೆ ಏನೂ ಇಲ್ಲ. ಇದನ್ನು ಕೇಳಿ ಬೆಚ್ಚಿದವರು ತುಂಬ ಜನ. ತಂದೆ ಇಲ್ಲದಿದ್ದರೆ ತಾಯಿಗೂ ಒಡಹುಟ್ಟಿದವರಿಗೂ ಸಮಪಾಲು. ನಿಮ್ಮನ್ನು ನೋಡಿಕೊಂಡ ಗೆಳತಿಗೆ, ನೀವು ಓದಿಸಿದ ಹುಡುಗನಿಗೆ ಒಂದು ಪೈಸೆ ಹೋಗಬೇಕಾದರೂ ಉಯಿಲು ಬೇಕು.

ಬಿಳಿ ಕಾಗದದಲ್ಲೇ ಬರೆಯಬಹುದು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ, ಮಾಡಿದರೆ ಅವರಿಗೆ ಬರೆದದ್ದು ಬಿದ್ದುಹೋಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಜಗಳ ಕಡಿಮೆ. ಮುಂದೆ ಮದುವೆಯಾದರೆ ಹಳೆಯ ಉಯಿಲು ತಾನಾಗಿ ರದ್ದಾಗುತ್ತದೆ, ಹೊಸದು ಬರೆಯಬೇಕು. ಸಭೆಗೋ ಅನಾಥಾಶ್ರಮಕ್ಕೋ ಬರೆಯಲು ಮೊದಲು ಕ್ರೈಸ್ತರಿಗೆ ಮಾತ್ರ ಒಂದು ಅಡ್ಡಿ ಇತ್ತು. ಹತ್ತಿರದ ನೆಂಟರಿದ್ದರೆ, ಸಾಯುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಬರೆದಿರಬೇಕಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಒಬ್ಬ ವಕೀಲರಿಗೆ ಒಮ್ಮೆ ತೋರಿಸಿಬಿಡಿ.

ಒಬ್ಬಳೇ ಇದ್ದು ಮಗುವನ್ನು ದತ್ತು ತಗೋಬಹುದಾ?

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಯಾವ ಧರ್ಮದವರಾದರೂ, ಮದುವೆಯಾಗದವರೂ ದತ್ತು ಪಡೆಯಬಹುದು. ಹೆಂಗಸರು ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಬ್ಬನೇ ಇರುವ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಗು ಬೇಕಾದರೆ ನಿಮ್ಮ ವಯಸ್ಸು 40 ಮೀರಿರಬಾರದು. ಎಂಟು ದಾಟಿದ ಮಗುವಿಗೆ 55ರವರೆಗೆ ಅವಕಾಶವಿದೆ. ಅರ್ಜಿ ಹಾಕುವುದು ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಾರಾ (CARA) ಸಂಸ್ಥೆಯ ಮೂಲಕ ಮಾತ್ರ. ಆಸ್ಪತ್ರೆಯಿಂದ ಮಗು ಕೊಡಿಸುತ್ತೇವೆ ಎನ್ನುವವರ ಹತ್ತಿರವೂ ಹೋಗಬೇಡಿ.

ನಿಮ್ಮ ಒಂಟಿತನ ತುಂಬಲಿ ಎಂದು ಮಗುವನ್ನು ತರಬೇಡಿ. ಆ ಭಾರ ಮಗುವಿಗೆ ದೊಡ್ಡದು. ನಿಮ್ಮ ಮನೆಯಲ್ಲಿ ಮೊದಲೇ ಜನ, ಊಟ, ನಗು ಇದೆಯೇ ನೋಡಿಕೊಳ್ಳಿ, ಆಮೇಲೆ ಮಗುವನ್ನು ಅದರೊಳಗೆ ಕರೆತನ್ನಿ.

ನಾನು ಸತ್ತ ಮೇಲೆ ನನ್ನನ್ನು ನೆನೆಯೋರು ಯಾರು?

ಯೆಶಾಯ 56ರಲ್ಲಿ ಮಕ್ಕಳಾಗದವನೊಬ್ಬ ತಾನು ಒಣಮರ ಎಂದುಕೊಳ್ಳುತ್ತಾನೆ. ಹಾಗೆ ಅನ್ನಬೇಡ, ಗಂಡು ಹೆಣ್ಣು ಮಕ್ಕಳಿಗಿಂತ ಮೇಲಾದ ಹೆಸರನ್ನು ನನ್ನ ಮನೆಯೊಳಗೇ ಕೊಡುತ್ತೇನೆ ಎಂದು ದೇವರು ಹೇಳುತ್ತಾರೆ. ನಾನು ಅದನ್ನು ನಂಬಿದ್ದೇನೆ.

ನಮ್ಮ ಊರಿನ ಸಂಡೇ ಸ್ಕೂಲ್ ಟೀಚರ್ ಮದುವೆಯಾಗಿರಲಿಲ್ಲ. ವಚನ ಬಾಯಿಪಾಠ ಒಪ್ಪಿಸಿದವರಿಗೆ ತಗಡಿನ ಡಬ್ಬದಿಂದ ಒಂದೊಂದು ಶುಂಠಿ ಪೆಪ್ಪರಮೆಂಟು ಕೊಡುತ್ತಿದ್ದರು. ಅವರು ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರೂ ಅವರ ವಿದ್ಯಾರ್ಥಿಗಳು, ನನ್ನ ಅಣ್ಣನೂ ಅದರಲ್ಲಿ ಒಬ್ಬ. ಅವರ ಬೈಬಲ್ ಈಗ ನನ್ನ ಹತ್ತಿರ ಇದೆ. ಒಳ ರಟ್ಟಿನಲ್ಲಿ ವರ್ಷ ಹಾಕಿ, ದಿನಾ ಪ್ರಾರ್ಥಿಸಬೇಕಾದ ಮಕ್ಕಳ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಾರೆ. 1986ರ ಸಾಲಿನಲ್ಲಿ ಮೂರನೆಯ ಹೆಸರು ನನ್ನದು.